ಶ್ರೀಶೈಲದ ಹೆಸರಲ್ಲಿ ಅಂಡಮಾನ್

ನಮ್ಮ ಅಂಡಮಾನ್ ಪ್ರವಾಸ ಶುರುವಾದದ್ದು ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ. ಊಟದ ಹಾಲಿಗೆ ಹೋಗುವ ದಾರಿಯಲ್ಲಿ ಫೋಟೊ ತೆಗೆಸಿಕೊಳ್ಳಲೆಂದು ದೊಡ್ಡದೊಂದು ಪರದೆ ಕಟ್ಟಿದ್ದರು. ನೀಲಿ ಸಮುದ್ರ, ಬಿಳಿ ಮರಳು, ನೀರಿನ ಕಡೆ ಬಾಗಿದ ಒಂದು ತೆಂಗಿನ ಮರ. ಮದುಮಗಳ ಗೆಳತಿಯರು ನನ್ನನ್ನೂ ನನ್ನ ಗಂಡನನ್ನೂ ಹಿಡಿದು ಅದರ ಮುಂದೆ ನಿಲ್ಲಿಸಿದರು. "ಅಂಕಲ್, ಇನ್ನೊಂಚೂರು ಆಂಟಿ ಹತ್ರ ಬರ್ರಿ, ನಗ್ರಿ" ಎಂದು ಒಬ್ಬಳು ಕೂಗಿದಳು. ಇವರು ಆಧಾರ್ ಕಾರ್ಡಿಗೆ ನಿಂತ ಹಾಗೆ ನಿಂತರು. ಹಿಂದೆ ಹೋಳಿಗೆ ಊಟಕ್ಕೆ ಹೊರಟಿದ್ದ ಜನ ಬೇಗ ಮುಗಿಸಿ ಎಂದು ಗೊಣಗುತ್ತಿದ್ದರು.

ಆ ಫೋಟೊ ಮರುದಿನ ಮೊಬೈಲಿಗೆ ಬಂತು. ನೋಡುತ್ತಾ ಕೂತವಳಿಗೆ ಏನೋ ವಿಚಿತ್ರ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದರಲ್ಲಿ ನಾವಿಬ್ಬರೇ ಇದ್ದೆವು.

ಬೀರುವಿನಿಂದ ಆಲ್ಬಮ್‌ಗಳನ್ನೆಲ್ಲ ತೆಗೆದು ನೋಡಿದೆ. ಧರ್ಮಸ್ಥಳದಲ್ಲಿ ನಾವು ಒಂಬತ್ತು ಜನ. ಕಾಶಿಯಲ್ಲಿ ಹದಿನಾಲ್ಕು ಜನ, ಅದರಲ್ಲಿ ಇಬ್ಬರು ಯಾರೆಂದು ನನಗೆ ಈಗಲೂ ಗೊತ್ತಿಲ್ಲ. ಮೈಸೂರಿನಲ್ಲಿ ನನ್ನ ಗಂಡ ಒಂದು ತುದಿಗೆ, ನಾನು ಇನ್ನೊಂದು ತುದಿಗೆ, ನಡುವೆ ಇಡೀ ಮನೆತನ. ಮದುವೆಯಾಗಿ ಮೂವತ್ತೊಂದು ವರ್ಷ. ಅಷ್ಟು ವರ್ಷದಲ್ಲಿ ನಾವಿಬ್ಬರೇ ಊರು ಬಿಟ್ಟು ಒಂದು ದಿನ ಎಲ್ಲೂ ತಂಗಿದವರಲ್ಲ. ಜಗಳವಾಡಬೇಕಾದರೂ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಪಿಸುಮಾತಿನಲ್ಲಿ ಆಡಿದವರು. ಅವತ್ತು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಸರಸ್ವತಿ ನಗರದ ನಮ್ಮ ಮನೆಯಲ್ಲಿ ಈಗ ಇರುವುದು ಮೂವರು. ನಾನು ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ನನ್ನ ಗಂಡನದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಮೂರನೆಯವರು ನನ್ನ ಅತ್ತೆ, ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು ಬಿಟ್ಟರೆ ಗಟ್ಟಿಮುಟ್ಟು. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ.

ಆ ಪರದೆಯಲ್ಲಿದ್ದಂಥ ಸಮುದ್ರ ನೋಡಲು ಅಂಡಮಾನಿಗೆ ಹೋಗೋಣ ಎಂದು ನಾನು ಹೇಳಿದಾಗ ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಯೋಚನೆಗೆ ಸಮಯ ಬೇಕಾದಾಗ ಹಾಗೆ ಮಾಡುತ್ತಾರೆ.

"ಹಿಂದಕ್ಕೆ ಅಲ್ಲಿಗೆ ಕೈದಿಗಳನ್ನ ಒಯ್ದು ಬಿಡ್ತಿದ್ರು. ನಾವು ಟಿಕೆಟ್ ತಗಂಡು ಯಾಕ ಹೋಗ್ಬೇಕು?"

"ನಾನೂ ಮೂವತ್ತೊಂದು ವರ್ಷ ಶಿಕ್ಷೆ ಅನುಭವಿಸೀನಿ. ಜೈಲು ಹೆಂಗೈತೆ ಅಂತ ನೋಡ್ಕೊಂಡು ಬರಾನ ಬರ್ರಿ" ಎಂದೆ.

ಅವರು ನಕ್ಕರು. ನಗಿಸಿದರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

"ಅವ್ವನ್ನ ಏನು ಮಾಡಾದು?" ಎಂದು ಅವರೇ ಕೇಳಿದರು.

"ಹರಿಹರಕ್ಕೆ ಬಿಡಾನ. ಆರು ದಿನ ತಾನೆ?"

ಹರಿಹರದಲ್ಲಿ ನನ್ನ ನಾದಿನಿ ಇದ್ದಾಳೆ. ಅತ್ತೆ ಹಬ್ಬಕ್ಕೆ ಹುಣ್ಣಿಮೆಗೆ ಮಗಳ ಮನೆಗೆ ಹೋಗಿ ವಾರಗಟ್ಟಲೆ ಇದ್ದು ಬರುವುದುಂಟು. ಬಿಡುವುದು ಕಷ್ಟವಾಗಿರಲಿಲ್ಲ. ಹೇಳುವುದು ಕಷ್ಟವಾಗಿತ್ತು. ಸಮುದ್ರ ಅಂದರೆ ಅತ್ತೆ ಖಂಡಿತ "ನಾನೂ ನೋಡಿಲ್ಲ, ನಾನೂ ಬರ್ತೀನಿ" ಅನ್ನುತ್ತಿದ್ದರು. ಹಾಗಂದರೆ ಬೇಡ ಅನ್ನುವ ಬಾಯಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವರು ಗಯ್ಯಾಳಿಯಲ್ಲ. ನನ್ನ ಬಾಣಂತನ ಮಾಡಿದವರು, ನಾನು ಆಫೀಸಿಗೆ ಹೋಗುವಾಗ ಡಬ್ಬಿ ಕಟ್ಟಿ ಕೊಟ್ಟವರು. ಆದರೆ ನನಗೆ ಸಮುದ್ರಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಆ ಇಬ್ಬರೇ ಇರುವ ಆರು ದಿನ. ಇನ್ನು ಹತ್ತು ವರ್ಷ ಕಾದರೆ ನನ್ನ ಮೊಣಕಾಲೂ ಹೋಗಿರುತ್ತದೆ. ಈಗ ಬಿಟ್ಟರೆ ಈ ಜನ್ಮದಲ್ಲಿ ಇಲ್ಲ ಅಂದುಕೊಂಡೆ.

ಮೊದಲು ಟಿಕೆಟ್ ಆಗಲಿ, ಆಮೇಲೆ ಹೇಳೋಣ ಎಂದು ಒಪ್ಪಂದವಾಯಿತು. ನಾನು ಫೈಲಿನ ಹೆಂಗಸು. ಟ್ಯಾಗು ಹಾಕಿ ಹೊಸ ಫೈಲೊಂದನ್ನು ಮಾಡಿದೆ. ಮೇಲೆ ಅಂಡಮಾನ್ ಎಂದು ಬರೆಯಲು ಧೈರ್ಯ ಸಾಲದೆ "ಗ್ಯಾಸ್ ಕಾಗದ ಪತ್ರ" ಎಂದು ಬರೆದು ಸೀರೆಗಳ ಕೆಳಗೆ ಇಟ್ಟೆ.

ಟ್ರಾವೆಲ್ಸ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹೆಣ್ಣುಮಗಳು ಚುರುಕಿನವಳು. "ಮೇಡಂ, ಹನಿಮೂನ್ ಪ್ಯಾಕೇಜಾ, ಫ್ಯಾಮಿಲಿ ಪ್ಯಾಕೇಜಾ?" ಎಂದಳು.

"ಇಬ್ರೇ ಹೋಗೋರಿಗೆ ಯಾವ್ದು?"

"ಇಬ್ರೇ ಅಂದ್ರೆ ಹನಿಮೂನೇ ಮೇಡಂ. ಹಾಸಿಗಿ ಮೇಲೆ ಹೂವು ಹಾಕಿರ್ತಾರೆ."

"ಹೂವು ಬ್ಯಾಡ್ರಿ, ನನಗೆ ಸೀನು ಬರ್ತೈತೆ" ಎಂದರು ನನ್ನ ಗಂಡ, ಬಹಳ ಗಂಭೀರವಾಗಿ. ಅವಳು ಅದನ್ನೂ ಬರೆದುಕೊಂಡಳು. ಆಮೇಲೆ ಇವರು ಅಲ್ಲಿ ಬರೀ ಮೀನೇ ಅಂತಾರಲ್ಲ, ನಾವು ತಿನ್ನದ ಜನ, ಏನು ಗತಿ ಎಂದು ವಿಚಾರಿಸಿದರು. ಅನ್ನ, ಬೇಳೆ, ಇಡ್ಲಿ ಎಲ್ಲ ಸಿಗುತ್ತದೆ ಎಂದು ಅವಳು ಎಷ್ಟು ಹೇಳಿದರೂ ನಾವು ನಂಬಲಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಒಣ ಮಂಡಕ್ಕಿ ಎಂದು ನಾನು ಆಗಲೇ ಮನಸ್ಸಿನಲ್ಲಿ ಪಟ್ಟಿ ಮಾಡುತ್ತಿದ್ದೆ. ವಿಮಾನದಲ್ಲಿ ಮಂಡಕ್ಕಿ ಬಿಡುತ್ತಾರಾ ಎಂದು ಕೇಳಲು ನಾಚಿಕೆಯಾಗಿ ಸುಮ್ಮನಾದೆ.

ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಮಂಡಿಪೇಟೆಯಲ್ಲಿ ಇವರಿಗೊಂದು ಮೊಣಕಾಲುದ್ದದ ಚಡ್ಡಿ ಕೊಂಡೆವು. ಅಂಗಡಿಯವನು ಪರಿಚಯದವನು, ಯಾರಿಗೆ ಎಂದು ಕೇಳಿದ. ಅಳಿಯನಿಗೆ ಎಂದು ಇವರು ತಡವರಿಸದೆ ಹೇಳಿದರು. ಮನೆಗೆ ಬಂದು ಕೋಣೆಯ ಚಿಲಕ ಹಾಕಿಕೊಂಡು ತೊಟ್ಟು, ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. ಐವತ್ತೊಂಬತ್ತು ವರ್ಷ ಬಿಸಿಲು ಕಾಣದ ಕಾಲುಗಳು. ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡೆ. ಅವರಿಗೆ ಸಿಟ್ಟು ಬಂತೋ ಎಂದು ನೋಡಿದರೆ ಅವರೂ ನಗುತ್ತಿದ್ದರು. ಹೊರಗೆ ಅತ್ತೆ "ಏನ್ರೋ ಅದು?" ಎಂದು ಕೂಗಿದರು. ಇಬ್ಬರೂ ತುಟಿ ಬಿಗಿ ಹಿಡಿದೆವು.

ಕೆಟ್ಟದ್ದು ಸೂಟ್‌ಕೇಸಿನಿಂದ. ಚಕ್ರ ಇರುವ ದೊಡ್ಡದೊಂದನ್ನು ಇವರು ಹಗಲಲ್ಲೇ ಮನೆಗೆ ತಂದುಬಿಟ್ಟರು. ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆ ತಲೆಯೆತ್ತಿ, "ಎಲ್ಲಿಗೆ ಹೊಂಟೀರಪ್ಪಾ?" ಎಂದರು.

"ಶ್ರೀಶೈಲಕ್ಕವ್ವಾ."

ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಮೇಲೆ ಕೇಳಿದ್ದಕ್ಕೆ ಇವರ ತರ್ಕ ಹೀಗಿತ್ತು: ಅತ್ತೆ ಶ್ರೀಶೈಲಕ್ಕೆ ಏಳೆಂಟು ಸಲ ಹೋಗಿ ಬಂದವರು, ಹೋದ ಸಲ ಮೆಟ್ಟಿಲು ಹತ್ತಿ ಕಾಲು ಬಾತುಕೊಂಡು "ಇನ್ನ ಮಲ್ಲಯ್ಯನೇ ನಮ್ಮನಿಗೆ ಬರ್ಲಿ" ಎಂದು ಹೇಳಿದವರು, ಹಾಗಾಗಿ ಬರುತ್ತೇನೆ ಅನ್ನುವುದಿಲ್ಲ. ತರ್ಕ ಸರಿಯಾಗಿಯೇ ಇತ್ತು. ಅತ್ತೆ ಬರುತ್ತೇನೆ ಅನ್ನಲಿಲ್ಲ. ಕೈ ಮುಗಿದು, "ಒಳ್ಳೇದಾತು, ಇಬ್ರೂ ಹೋಗಿ ಬರ್ರಿ" ಎಂದರು. ಸಂಜೆ ಗೇಟಿನ ಹತ್ತಿರ ನಿಂತು ಎದುರುಮನೆಯವರಿಗೆ ಹೇಳಿದರು. ಅಲ್ಲಿಗೆ ನಮ್ಮ ಕಥೆ ಮುಗಿಯಿತು.

ನಮ್ಮ ಕಡೆ ಒಬ್ಬರು ಶ್ರೀಶೈಲಕ್ಕೆ ಹೊರಟರೆ ಓಣಿಯೇ ಹೊರಟ ಹಾಗೆ. ಹೋಗಲಾಗದವರು ತಮ್ಮ ಹರಕೆಯ ಗಂಟು ಕಟ್ಟಿ ಹೋಗುವವರ ಕೈಗೆ ಕೊಡುತ್ತಾರೆ. ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ಮನೆಗೆ ಬಂದ ಮೇಲೆ ವಾಪಸ್ ಕೊಡುವಂತೆಯೂ ಇಲ್ಲ. ಮರುದಿನ ಬೆಳಿಗ್ಗೆಯೇ ಎದುರುಮನೆಯಾಕೆ ಭ್ರಮರಾಂಬೆಗೆಂದು ಹಸಿರು ಇಳಕಲ್ ಸೀರೆ, ಡಜನ್ ಬಳೆ ತಂದರು. ಅಮ್ಮ ನಮ್ಮ ಕಡೆಯ ಹೆಣ್ಣುಮಗಳು ಎಂದು ಜನರ ನಂಬಿಕೆ, ತವರಿನ ಸೀರೆ ಹೋಗಲೇಬೇಕು. ಓಣಿಯ ತುದಿಯ ನಿವೃತ್ತ ಮೇಷ್ಟ್ರು ಒಂದು ಹಿತ್ತಾಳೆ ಗಂಟೆ ತಂದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ ಮೂರು ಮನೆಯಿಂದ ಬಂದವು. ಹರಿಹರದಿಂದ ನಾದಿನಿ ಫೋನು ಮಾಡಿದಳು: "ಅತ್ತಿಗಿ, ನಂದೂ ಒಂದು ಐತೆ. ಯಾರ ಕೈಯಾಗಾದ್ರೂ ಕಳಿಸ್ತೀನಿ." ವಾರದೊಳಗೆ ದೇವರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರಿನಿಂದ ಅಂಡಮಾನಿಗೆ ಹೋಗುವ ವಿಮಾನದ ಟಿಕೆಟು ನನ್ನ ಸೀರೆಗಳ ಕೆಳಗಿತ್ತು.

ಎಲ್ಲಕ್ಕಿಂತ ನನ್ನನ್ನು ಕುಗ್ಗಿಸಿದ್ದು ಒಂದು ಎಣ್ಣೆ ಬಾಟಲಿ. ನಮ್ಮ ಶಾಲೆಯಲ್ಲಿ ಕಸ ಗುಡಿಸುವ ಹೆಂಗಸು ನಮ್ಮ ಹಿಂದಿನ ಓಣಿಯವಳು. ಗಂಡನ ಮುರಿದ ಕಾಲು ಕೂಡಲಿ ಎಂದು ಅಲ್ಲಿಯ ದೀಪಕ್ಕೆ ಎಣ್ಣೆಯ ಹರಕೆ ಹೊತ್ತಿದ್ದಳಂತೆ. ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆಫೀಸಿನಲ್ಲೇ ನನ್ನ ಮೇಜಿನ ಮೇಲಿಟ್ಟು, "ನಾನು ಹೋಗಾಕಾಗಲ್ಲಕ್ಕಾ. ನೀವು ಹೊಂಟೀರಲ್ಲ, ಸಾಕು" ಎಂದಳು. ಆಗಲೇ ನಿಜ ಹೇಳಬೇಕಿತ್ತು. ಹೇಳದೆ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡೆ.

"ಎಲ್ಲಾನೂ ಕೊರಿಯರ್ ಮಾಡಿದ್ರೆ ಹೆಂಗೆ?" ಎಂದರು ನನ್ನ ಗಂಡ.

"ಪಂಪಿನ ವಾಷರ್ ಅಂದ್ಕೊಂಡ್ರಾ?" ಎಂದು ನಾನು ಹರಿಹಾಯ್ದೆ. ಸುಳ್ಳು ಹೇಳಿದವರು ಅವರು, ನಿದ್ದೆಗೆಟ್ಟವಳು ನಾನು. ಟಿಕೆಟ್ ರದ್ದು ಮಾಡಿ ನಿಜವಾಗಿಯೂ ಶ್ರೀಶೈಲಕ್ಕೇ ಹೋಗೋಣ ಎಂದು ಅವರು ಸೋತ ದನಿಯಲ್ಲಿ ಹೇಳಿದರು. ಅದಕ್ಕೆ ನಾನು ಇನ್ನಷ್ಟು ಕೂಗಾಡಿದೆ.

ಹೊರಡಲು ಹತ್ತು ದಿನವಿತ್ತು. ಒಂದು ಭಾನುವಾರ ಮಧ್ಯಾಹ್ನ, ಇವರು ಅಂಗಡಿಯಲ್ಲಿದ್ದಾಗ, ಅತ್ತೆ ಗಂಟುಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ನನ್ನನ್ನು ಕರೆದರು. ಯಾವುದು ಯಾರದು, ಯಾರ ಬೇಡಿಕೆ ಏನು ಎಂದು ಬರೆದುಕೊಳ್ಳಬೇಕು, ಅಲ್ಲಿ ದೇವರ ಮುಂದೆ ಓದಬೇಕು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮೇಷ್ಟ್ರಿಗೆ ಮೊಮ್ಮಗು. ಎದುರುಮನೆಯವರ ಮಗನಿಗೆ ಕನ್ಯೆ. ಶಾಲೆಯವಳ ಗಂಡನ ಕಾಲು. ಎಲ್ಲ ಮುಗಿದ ಮೇಲೆ ಅತ್ತೆ ಹೇಳಿದರು:

"ಇನ್ನ ನಿಂದು ಬರಿ. ನಿನ್ನ ಬೇಡಿಕಿ ಏನೈತೆ?"

ಪೆನ್ನು ಮುಂದೆ ಹೋಗಲಿಲ್ಲ. ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ಮೊದಲು ನಂಬಲಿಲ್ಲ. ಆಮೇಲೆ ಅವರ ಮುಖ ಸಣ್ಣಗಾಯಿತು. "ಮಲ್ಲಯ್ಯನ ಹೆಸರ್ನಾಗೆ ಸುಳ್ಳು ಹೇಳಿದ್ರಲ್ಲ" ಎಂದರು. ನನ್ನ ಕಡೆ ತಿರುಗಿ, "ನಾನು ಬರ್ತೀನಿ ಅಂತೀನಿ ಅಂತ ಹೆದ್ರಿದ್ರಾ?" ಎಂದು ಕೇಳಿದರು.

"ಹೂಂ ಅತ್ತಿ."

"ಕೇಳಿದ್ರೆ ನಾನು ಬ್ಯಾಡ ಅಂತಿದ್ನಾ? ನೀನು ಒಮ್ಮೆರ ಬಾಯಿ ಬಿಟ್ಟು ಕೇಳೀಯೇನು?"

ಅಲ್ಲಿಗೆ ನಾನು ಕ್ಷಮೆ ಕೇಳಿ ಸುಮ್ಮನಾಗಬೇಕಿತ್ತು. ತಪ್ಪು ನಮ್ಮದು. ಆದರೆ ನನ್ನ ಸಿಟ್ಟಿಗೆ ಆ ಬುದ್ಧಿ ಇಲ್ಲ.

"ಕೇಳಿದ್ದೆ" ಎಂದೆ. "ಮದುವಿ ಆದ ಹೊಸದ್ರಾಗೆ. ಕೊಂಡಜ್ಜಿ ಕೆರಿ ನೋಡಾಕೆ ಇಬ್ರೂ ಹೋಗಿ ಬರ್ತೀವಿ ಅಂತ ಕೇಳಿದ್ದೆ. ನೀವು ಇಕಿನ್ನ ಜೊತೆಗೆ ಹಾಕಿ ಕಳಿಸಿದ್ರಿ."

ಇಕಿ ಎಂದರೆ ನಾದಿನಿ. ಆಗ ಅವಳಿಗೆ ಹನ್ನೊಂದು ವರ್ಷ. ಇವರು ಗೆಳೆಯನ ಸ್ಕೂಟರ್ ಕೇಳಿ ತಂದಿದ್ದರು. ನಾನು ಮದುವೆಯ ಹಳದಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದರೆ, ಅತ್ತೆ ಆ ಹುಡುಗಿಗೆ ತಲೆ ಬಾಚಿ ನಿಲ್ಲಿಸಿದ್ದರು. ಅವಳು ನಮ್ಮಿಬ್ಬರ ನಡುವೆ ಕೂತಳು. ದಾರಿಯಲ್ಲೇ ಮಂಕಾದಳು, ಕೆರೆಯ ದಂಡೆಯಲ್ಲಿ ನನ್ನ ತೊಡೆಯ ಮೇಲೆ ಮಲಗಿದಳು. ಮೈ ಮುಟ್ಟಿದರೆ ಸುಡುತ್ತಿತ್ತು. ಬುತ್ತಿ ಬಿಚ್ಚದೆ ವಾಪಸ್ ಬಂದೆವು. ಆ ಮಗುವಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಮನೆಗೆ ಬಂದ ಮೇಲೆ ಅವಳಿಗೆ ನೀರು ಸಹ ಕೊಡಲಿಲ್ಲ. ಆಮೇಲೆ ನಾನು ಎಲ್ಲಿಗೂ ಹೋಗೋಣ ಎಂದು ಕೇಳಿದ್ದಿಲ್ಲ.

ಅತ್ತೆ ಒಂದು ಗಂಟಿನ ಬಿಗಿಯನ್ನು ಬಿಚ್ಚಿ ಮತ್ತೆ ಕಟ್ಟಿದರು.

"ಅಕಿಗೆ ಬೆಳಗ್ಗೇನೇ ಜ್ವರ ಇತ್ತು" ಎಂದರು. "ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ."

ನಾನು ಅವರ ಮುಖವನ್ನೇ ನೋಡಿದೆ.

"ನೀನು ಹಳದಿ ಸೀರಿ ಉಟ್ಕಂಡು ನಗ್ತಾ ಬಂದ್ಯಲ್ಲ, ನನಗೆ ಹೊಟ್ಟಿ ಉರೀತು ನೋಡವ್ವಾ. ನಿಮ್ಮ ಮಾವ ನನ್ನ ಕರ್ಕಂಡು ಒಂದಿನಾನೂ ಎಲ್ಲೂ ಹೋಗಿದ್ದಿಲ್ಲ. ಸಂತಿಗೆ ಹೋದ್ರೂ ಅವರು ಮುಂದೆ, ನಾನು ನಮ್ಮತ್ತಿ ಜೊತಿ ಹಿಂದೆ. ಜ್ವರದ ಕೂಸು ಕಳಿಸಿದೆ, ಆಮ್ಯಾಲೆ ಮೂರು ದಿನ ಅಕಿ ಏಳಲಿಲ್ಲ. ಯಾರ ಮುಂದೂ ಹೇಳಿದ್ದಿಲ್ಲ ಇದನ್ನ."

ಅತ್ತೆ ಅಳಲಿಲ್ಲ. ಅಳುವ ಹೆಂಗಸಲ್ಲ ಅವರು. ಮೂವತ್ತೊಂದು ವರ್ಷ ನಾನು ಆ ದಿನವನ್ನು ನನ್ನೊಬ್ಬಳದೆಂದು ಇಟ್ಟುಕೊಂಡಿದ್ದೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರೂ ಅದನ್ನೇ ಇಟ್ಟುಕೊಂಡು ಕೂತಿದ್ದರು. ನಾನು ಅವರ ಪಕ್ಕಕ್ಕೆ ಸರಿದು ಕೂತೆ. ಚಹಾ ಮಾಡಲೇ ಎಂದು ಕೇಳಿದೆ. ಮಾಡು ಎಂದರು.

ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಅವರು ಎಲ್ಲವನ್ನೂ ತೀರ್ಮಾನಿಸಿದ್ದರು. "ಅಕಿನ್ನ ಕರ್ಕಂಡು ನಾನು ಶ್ರೀಶೈಲಕ್ಕೆ ಹೋಗ್ತೀನಿ. ಗಂಟು ನಾವು ಒಯ್ತೀವಿ. ನೀವಿಬ್ರೂ ನಿಮ್ಮ ಸಮುದ್ರಕ್ಕೆ ಹೋಗ್ರಿ."

"ನಿಮ್ಮ ಮೊಣಕಾಲು?"

"ಬಸ್ಸು ಒಯ್ತೈತೆ. ನಾನೇನು ನಡ್ಕಂಡು ಹೋಗ್ತೀನಾ? ಮೆಟ್ಟಿಲು ಅಕಿ ಹತ್ತಿಸ್ತಾಳೆ."

ನಾದಿನಿಗೆ ಫೋನು ಮಾಡಿದರೆ ಅವಳು ಕುಣಿದಾಡಿದಳು. ಮದುವೆಯಾದ ಮೇಲೆ ಅವ್ವನ ಜೊತೆ ಒಬ್ಬಳೇ ಎಲ್ಲಿಗೂ ಹೋಗಿಲ್ಲ ಅತ್ತಿಗಿ ಎಂದಳು. ಅತ್ತೆ ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಅವಳಿಗೆ ಓದಲು ಕಳಿಸಬೇಕೆಂದರು, ಫೋಟೊ ತೆಗೆದು ಕಳಿಸಿದೆ. ಓಣಿಯವರಿಗೆ ಏನು ಹೇಳುವುದು ಎಂದಾಗ, "ಏನೂ ಹೇಳಬ್ಯಾಡ. ಗಂಟು ಹೋಗ್ತಾವಲ್ಲ" ಎಂದರು. ಆದರೂ ಮರುದಿನ ಶಾಲೆಯವಳನ್ನು ಕರೆದು ನಿಜ ಹೇಳಿದೆ. ಅವಳು ನಕ್ಕು, "ಅಜ್ಜಿ ಒಯ್ದ್ರೆ ಇನ್ನೂ ಚೊಲೋ ಆತು ಬಿಡ್ರಿ" ಎಂದು ಪೊರಕೆ ಎತ್ತಿಕೊಂಡು ಹೋದಳು.

ಆ ಭಾನುವಾರ ಸಂಜೆ ಇವರು ಅಂಗಡಿಯಿಂದ ಬಂದವರು, ವಿಷಯ ಗೊತ್ತಾಗಿ ಅವ್ವನ ಮುಂದೆ ನಿಲ್ಲಲಾರದೆ ಹಿತ್ತಲಿಗೆ ಹೋಗಿ ನಲ್ಲಿ ರಿಪೇರಿ ಮಾಡಿದರು. ನಲ್ಲಿಗೆ ಏನೂ ಆಗಿರಲಿಲ್ಲ. ಅತ್ತೆ ಅವರಿಗೆ ಒಂದು ಮಾತೂ ಅನ್ನಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ "ಚಡ್ಡಿ ತಂದೀಯಂತೆ, ತೋರಿಸು" ಎಂದರು. ತೋರಿಸಿದರು. ಅತ್ತೆ ಕೈಯಲ್ಲಿ ಹಿಡಿದು ಬಟ್ಟೆ ಉಜ್ಜಿ ನೋಡಿ, ಬಣ್ಣ ಬಿಡುವ ಜಾತಿ ಎಂದು ತೀರ್ಪು ಕೊಟ್ಟರು.

ಉಳಿದ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡು ಪ್ರವಾಸಗಳ ತಯಾರಿ ಒಟ್ಟಿಗೆ ನಡೆಯಿತು. ಒಂದೇ ಹಿಟ್ಟಿನಲ್ಲಿ ಎರಡು ಪ್ರವಾಸಕ್ಕೂ ರೊಟ್ಟಿ ಬಡಿದೆವು. ಅತ್ತೆ ಬಡಿದರು, ನಾನು ಬೇಯಿಸಿದೆ. ಅಂಡಮಾನಿನಲ್ಲಿ ಉಪ್ಪುನೀರಿಗೆ ಮೈ ಒಡೆಯುತ್ತದೆಂದು ಕೊಬ್ಬರಿ ಎಣ್ಣೆಯ ಡಬ್ಬಿ ನನ್ನ ಸೂಟ್‌ಕೇಸಿಗೆ ಸೇರಿಸಿದರು. ಅಲ್ಲಿಯ ನೀರು ಹೇಗಿರುತ್ತದೆ, ಆಳ ಎಷ್ಟು, ಹಡಗು ಅಲ್ಲಾಡುತ್ತದಾ ಎಂದು ಮತ್ತೆ ಮತ್ತೆ ಕೇಳಿದರು. ಗೊತ್ತಿಲ್ಲದ್ದನ್ನೆಲ್ಲ ನಾನು ಗೊತ್ತಿರುವವಳಂತೆ ಹೇಳಿದೆ. ಅಷ್ಟು ನೆಮ್ಮದಿಯಾಗಿ ಅವರ ಜೊತೆ ಮಾತಾಡಿ ಎಷ್ಟು ಕಾಲವಾಗಿತ್ತೋ.

ಅವರ ಬಸ್ಸು ಹರಿಹರದಿಂದ, ಬೆಳಿಗ್ಗೆ. ನಮ್ಮದು ಅದೇ ದಿನ ಸಂಜೆಯ ರೈಲು, ಬೆಂಗಳೂರಿಗೆ. ನಾವೇ ಅತ್ತೆಯನ್ನು ಕರೆದುಕೊಂಡು ಹೋಗಿ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಸಿದೆವು. ನಾದಿನಿ ಗಂಟುಗಳನ್ನು ಸೀಟಿನ ಕೆಳಗೆ ಜೋಡಿಸುತ್ತಾ ಪಕ್ಕದವರ ಜೊತೆ ಆಗಲೇ ಜಗಳ ಶುರು ಮಾಡಿದ್ದಳು. ಅತ್ತೆ ಕಿಟಕಿಯ ಪಕ್ಕ ಕೂತು ಹಣೆಯ ವಿಭೂತಿ ಸರಿಮಾಡಿಕೊಂಡರು. ಡ್ರೈವರ್ ಹತ್ತಿದ. ಅವರು ನನ್ನನ್ನು ಹತ್ತಿರ ಕರೆದು, ಸರಳಿನ ಸಂದಿಯಿಂದ ನನ್ನ ಕೆನ್ನೆ ಮುಟ್ಟಿದರು.

"ಆರು ದಿನ ಸಾಕಾಗ್ತಾವೇನವ್ವಾ?"

"ಸಾಕತ್ತಿ" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಪಕ್ಕದಲ್ಲಿ ನಿಂತಿದ್ದ ನನ್ನ ಗಂಡ ಕನ್ನಡಕ ತೆಗೆಯಲಿಲ್ಲ, ಒರೆಸಲೂ ಇಲ್ಲ. ಅವ್ವನ ಮುಖ ನೋಡಿಯೇ, ಬಸ್ಸಿನವರಿಗೆಲ್ಲ ಕೇಳುವಷ್ಟು ಜೋರಾಗಿ, "ಇನ್ನೂ ನಾಕು ದಿನ ಜಾಸ್ತಿ ಹಾಕಿಸ್ಬೇಕಿತ್ತವ್ವಾ" ಎಂದರು.